ನೀರು ಇಳಿಯದ ಕುದ್ರು

ಕಾಡೆಂದರೆ ಹತ್ತಿ ಹೋಗುವ ಜಾಗ ಎಂದೇ ನಾನು ತಿಳಿದಿದ್ದೆ. ಹುಟ್ಟಿದ್ದು ಬೆಳ್ತಂಗಡಿ ತಾಲೂಕಿನ ನೆರಿಯದ ಬದಿಯಲ್ಲಿ, ಮನೆಯ ಹಿಂದಿನಿಂದಲೇ ಘಟ್ಟ ಶುರುವಾಗುವ ಕಡೆ. ಅಪ್ಪ ಅರಣ್ಯ ಇಲಾಖೆಯಲ್ಲಿ ಗಾರ್ಡು. ಅವರು ಕೆಲಸದಲ್ಲಿರುವಾಗಲೇ ಜ್ವರ ಬಂದು ತೀರಿಕೊಂಡದ್ದರಿಂದ ಆ ಕೆಲಸ ನನಗೆ ಸಿಕ್ಕಿತು. ಹೆಂಗಸೊಬ್ಬಳು ಖಾಕಿ ಹಾಕಿಕೊಂಡು ಬಸ್ಸು ಹತ್ತುವುದನ್ನು ಆಗ ಬೆಳ್ತಂಗಡಿ ಕಡೆಯಲ್ಲಿ ನೋಡಿದವರು ಕಡಿಮೆ. ನನ್ನನ್ನು ಪೊಲೀಸಿನವಳೆಂದುಕೊಂಡು ಕಂಡಕ್ಟರ್ ಕೆಲವು ದಿನ ಮುಂದಿನ ಸೀಟು ಖಾಲಿ ಮಾಡಿಸಿ ಕೊಡುತ್ತಿದ್ದ. ಫಾರೆಸ್ಟಿನವಳು ಎಂದು ಗೊತ್ತಾದ ಮೇಲೆ ನಿಂತುಕೊಂಡೇ ಹೋದೆ.

ಈಗ ನಿವೃತ್ತಳಾಗಿ ಮೂಡುಬಿದಿರೆಯಲ್ಲಿದ್ದೇನೆ. ಇಲಾಖೆಗೆ ಹೊಸದಾಗಿ ಸೇರಿದ ಹುಡುಗಿಯರು ಆಗಾಗ ಮನೆಗೆ ಬಂದು, "ಸುನಂದಕ್ಕ, ನಿಮ್ಮ ಅನುಭವ ಹೇಳಿ" ಎನ್ನುತ್ತಾರೆ. ನನಗೆ ಬಡ್ತಿ ಯಾವಾಗ ಸಿಕ್ಕಿತು, ಎಲ್ಲೆಲ್ಲಿಗೆ ವರ್ಗವಾಯಿತು ಎಂಬುದರಿಂದ ಅವರಿಗೆ ಏನೂ ಆಗಬೇಕಾದ್ದಿಲ್ಲ. ಆನೆ ಅಟ್ಟಿಸಿಕೊಂಡು ಬಂದದ್ದು, ಮರಗಳ್ಳರನ್ನು ಹಿಡಿದದ್ದು ಹೇಳಿದರೆ ಖುಷಿಪಡುತ್ತಾರೆ. ಅದೂ ಉಂಟು. ಆದರೆ ನನ್ನ ಕೆಲಸದ ಹೆಚ್ಚಿನ ಕಾಲ ಕಳೆದದ್ದು ಹೊಳೆಯ ನಡುವಿನ ಒಂದು ಕುದ್ರುವಿನಲ್ಲಿ, ಮೊಣಕಾಲುಮಟ್ಟ ಕೆಸರಿನಲ್ಲಿ ನಿಂತು ಕಾಂಡ್ಲಾ ನೆಡುವುದರಲ್ಲಿ. ಅದನ್ನೇ ಬರೆಯುತ್ತೇನೆ. ಇದು ಒಳ್ಳೆಯದಾಗಿ ಮುಗಿಯುವ ಕಥೆಯಲ್ಲ; ಕೊನೆಗೆ ಎಲ್ಲ ಸರಿಹೋಗುತ್ತದೆ ಎಂಬ ಆಸೆಯಿಂದ ಓದಬೇಡಿ.

ಬಂಟ್ವಾಳ ದಾಟಿ ಹೊಳೆಯ ಜೊತೆಗೇ ಕೆಳಗೆ ಹೋದರೆ ಒಂದು ಕಡೆ ಸಮುದ್ರದ ಉಬ್ಬರ ಬಂದು ಮುಟ್ಟುತ್ತದೆ. ಸಮುದ್ರ ಏರಿದಾಗ ಹೊಳೆಯೂ ಏರುತ್ತದೆ, ಇಳಿದಾಗ ಇಳಿಯುತ್ತದೆ. ಅಲ್ಲಿರುವ ಸಣ್ಣ ನಡುಗಡ್ಡೆಯನ್ನು ಊರವರು ಕಿನ್ನಿಕುದ್ರು ಎಂದು ಕರೆಯುತ್ತಿದ್ದರು. ಅದರ ಕೆಳಗಿನ ತುದಿಯಲ್ಲಿ ಒಂದಷ್ಟು ಕಾಂಡ್ಲಾ ಮರಗಳು ಮೊದಲಿನಿಂದಲೂ ಇದ್ದವು. ಕಾಂಡ್ಲಾ ಎಂದರೆ ಉಪ್ಪುನೀರಿನ ಕೆಸರಿನಲ್ಲಿ, ಉಸಿರಾಡಲು ಬೇರನ್ನು ಮೇಲೆತ್ತಿಕೊಂಡು ನಿಲ್ಲುವ ಮರ. ತಲೆ ಎತ್ತಿ ಮರ ನೋಡಿ ಅಭ್ಯಾಸವಿದ್ದ ನನಗೆ ಮೊದಲ ಸಲ ಅದು ಕಾಡೆಂದೇ ಅನಿಸಲಿಲ್ಲ. ಯಾರೋ ಕಡಿಯಲು ಮರೆತ ಪೊದೆಯ ಹಾಗಿತ್ತು.

ಕುದ್ರುವಿನಲ್ಲಿ ಕೆಲವೇ ಮನೆಗಳು. ದೋಣಿ ಕಟ್ಟುವ ಕಡವಿನ ಹತ್ತಿರದ ಮನೆ ಫೆಲಿಕ್ಸ್ ಪೊರ್ಬುಗಳದ್ದು. ಅವರು ದೋಣಿ ನಡೆಸುತ್ತಿದ್ದರು, ಬಲೆ ಬೀಸುತ್ತಿದ್ದರು. ಹೆಂಡತಿ ಲಿಲ್ಲಿ ಬಾಯಿ ಬಸಳೆ, ಹರಿವೆ, ಅಲಸಂಡೆ ಬೆಳೆದು ಪೇಟೆಗೆ ಒಯ್ಯುತ್ತಿದ್ದರು. ರೋನಿ ಎಂಬ ಒಬ್ಬನೇ ಮಗ. ಕ್ರಿಶ್ಚಿಯನ್ ಗಂಡಸರನ್ನು ಪೊರ್ಬುಗಳು, ಹೆಂಗಸರನ್ನು ಬಾಯಿ ಎಂದು ನಮ್ಮ ಕಡೆ ಮರ್ಯಾದೆಯಿಂದ ಕರೆಯುವುದು. ಅವರವರೊಳಗೆ ಕೊಂಕಣಿ, ನನ್ನ ಜೊತೆ ತುಳು. ಇಲ್ಲಿ ಅವರ ಮಾತನ್ನು ಕನ್ನಡದಲ್ಲಿ ಬರೆಯುತ್ತಿದ್ದೇನೆ, ಅಷ್ಟೇ ವ್ಯತ್ಯಾಸ.

ಕುದ್ರುವಿನ ಸುತ್ತ ಕಾಂಡ್ಲಾ ಬೆಳೆಸಬೇಕೆಂದು ಆದೇಶ ಬಂದಾಗ ನಮಗೆ ರೇಂಜರ್ ಆಗಿದ್ದವರು ರಾಮಣ್ಣ ಸಾಹೇಬರು. ಸಾಗುವಾನಿ ತೋಪು ಮಾಡುವುದರಲ್ಲಿ ಹೆಸರು ಪಡೆದವರು. ಸಾಗುವಾನಿಗೆ ಮಾಡಿದ್ದನ್ನೇ ಇಲ್ಲಿಯೂ ಮಾಡಿಸಿದರು. ನರ್ಸರಿಯಲ್ಲಿ ಪ್ಲಾಸ್ಟಿಕ್ ಚೀಲಕ್ಕೆ ಕೆಂಪುಮಣ್ಣು, ಹಟ್ಟಿಗೊಬ್ಬರ ತುಂಬಿಸಿ, ಬಾವಿಯ ಸಿಹಿನೀರು ಹೊಯ್ದು ನಾವು ಗಿಡ ಬೆಳೆಸಿದೆವು. ಕುದ್ರುವಿನ ಮರಳುದಂಡೆಯಲ್ಲಿ ಹಗ್ಗ ಕಟ್ಟಿ ಗುಂಡಿ ತೋಡಿದೆವು.

"ಹಗ್ಗ ಸರಿ ಹಿಡಿ ಸುನಂದಾ. ಸಾಲು ಸೊಟ್ಟ ಆದರೆ ಮೇಲಿನವರು ಬಂದಾಗ ಚಂದ ಕಾಣುವುದಿಲ್ಲ" ಎಂದು ಅವರು ದಡದಲ್ಲಿ ಕೊಡೆ ಹಿಡಿದು ನಿಂತು ಹೇಳುತ್ತಿದ್ದರು. ನಮಗ್ಯಾರಿಗೂ ಹೆಚ್ಚು ಗೊತ್ತಿರಲಿಲ್ಲ. ಪೊರ್ಬುಗಳೂ ಸರಕಾರದವರು ಮಾಡುವುದು ಸರಿಯೇ ಇರಬೇಕೆಂದು ಗಿಡಗಳನ್ನು ದೋಣಿಯಲ್ಲಿ ತಂದು ಹಾಕಿದರು. ಸಾಲುಗಳು ನಿಜವಾಗಿಯೂ ಚಂದ ಇದ್ದವು. ಆಷಾಢದ ಮೊದಲ ನೆರೆಗೆ ಎಲ್ಲ ಹೋಯಿತು. ನೆರೆ ಇಳಿದ ಮೇಲೆ ಪೊರ್ಬುಗಳು ಬಲೆ ಎಳೆದರೆ ಅದರ ತುಂಬ ನಮ್ಮ ಕಪ್ಪು ಚೀಲಗಳು.

"ಅಕ್ಕ, ನಿಮ್ಮ ಇಲಾಖೆಯ ಮೀನು ಸಿಕ್ಕಿದೆ, ತಕ್ಕೊಂಡು ಹೋಗಿ" ಎಂದರು. ನಾನು ನಕ್ಕೆ. ರಾಮಣ್ಣ ಸಾಹೇಬರು ನಗಲಿಲ್ಲ. ಮರುವರ್ಷ ಅದೇ ದಂಡೆಯಲ್ಲಿ ಮತ್ತೆ ನೆಡಿಸಿದರು. ಮಂಜೂರಾದ ಜಾಗ ಅದೇ ಆಗಿತ್ತು. ಅದೂ ಹೋಯಿತು.

ಅವರ ನಂತರ ಬಂದವರು ಧರ್ಮಪಾಲ ಸಾಹೇಬರು. ಮೂಡುಬಿದಿರೆಯ ಹಳೆಯ ಜೈನ ಮನೆತನದವರು. ಅವರ ಅಣ್ಣ ಊರಿನ ಒಂದು ಬಸದಿಯನ್ನು ನೋಡಿಕೊಳ್ಳುತ್ತಿದ್ದರು. ಎಷ್ಟೇ ಕೆಲಸವಿದ್ದರೂ ಹೊತ್ತು ಮುಳುಗುವ ಮೊದಲು ದೋಣಿಯಲ್ಲೇ ಬುತ್ತಿ ಬಿಚ್ಚಿ ಊಟ ಮುಗಿಸುತ್ತಿದ್ದರು. ಮಾತಾಡಿದರೆ ಪುಸ್ತಕ ಓದಿದ ಹಾಗೆ.

"ಸುನಂದಾ, ಈ ವರ್ಷ ನಾವು ಏನನ್ನೂ ನೆಡುವುದು ಬೇಡ. ನೀರು ಎಲ್ಲಿಯವರೆಗೆ ಬರುತ್ತದೆ, ಎಷ್ಟು ಹೊತ್ತು ನಿಲ್ಲುತ್ತದೆ ಎಂಬುದನ್ನು ನೋಡುವ" ಎಂದರು.

ಕುದ್ರುವಿನ ಸುತ್ತ ಬಿದಿರಿನ ಗೂಟ ಊರಿದೆವು. ಉಬ್ಬರದಲ್ಲಿ ಯಾವ ಗೂಟ ಮುಳುಗುತ್ತದೆ, ಇಳಿತದಲ್ಲಿ ಎಲ್ಲಿ ಕೆಸರು ಬಿಟ್ಟುಕೊಳ್ಳುತ್ತದೆ ಎಂದು ಮಳೆ, ಚಳಿ, ಬೇಸಿಗೆ ಮೂರರಲ್ಲೂ ನೋಡಿದೆವು. ನೆಡದೆ ಯಾಕೆ ಸುಮ್ಮನೆ ಕೂತಿದ್ದೀರೆಂದು ಮೇಲಿನಿಂದ ಕೇಳಿದರು. ಉತ್ತರ ಧರ್ಮಪಾಲ ಸಾಹೇಬರೇ ಕೊಟ್ಟರು. ಆಮೇಲೆ ನೆಟ್ಟೆವು. ಕಾಂಡ್ಲಾದ ಬೀಜ ಮರದಲ್ಲಿರುವಾಗಲೇ ಮೊಳೆತು, ಮೊಳದುದ್ದದ ಹಸಿರು ಕೋಲಿನ ಹಾಗೆ ನೇತಾಡುತ್ತದೆ. ಬಲಿತದ್ದನ್ನು ಆರಿಸಿ, ಇಳಿತದ ಹೊತ್ತಿಗೆ ಕೆಸರಿಗೆ ನೇರವಾಗಿ ಚುಚ್ಚಬೇಕು. ಚೀಲ ಬೇಡ, ಗೊಬ್ಬರ ಬೇಡ, ಹಗ್ಗವೂ ಬೇಡ. ಕೆಲವನ್ನು ಏಡಿ ತಿಂದಿತು, ಕೆಲವು ಮಗುಚಿದವು. ಪ್ರತಿ ನೆರೆಯ ಮೇಲೆ ಗಿಡಗಳಿಗೆ ಸಿಕ್ಕಿಕೊಂಡ ಕಸವನ್ನು ನಾನು, ಪೊರ್ಬುಗಳು, ಲಿಲ್ಲಿ ಬಾಯಿ ಕೈಯಿಂದಲೇ ಬಿಡಿಸುತ್ತಿದ್ದೆವು. ಹಳೆಯ ಸೀರೆ, ಚಪ್ಪಲಿ, ಯಾರದೋ ಮದುವೆಯ ಊಟದ ತಟ್ಟೆಗಳು, ಎಲ್ಲವೂ ಬರುತ್ತಿದ್ದವು. ಕೈಯಲ್ಲಿ ಸದಾ ಕೆಸರಿನ ವಾಸನೆ. ಮನೆಯಲ್ಲಿ ಅನ್ನ ಕಲಸುವಾಗಲೂ ಹೋಗುತ್ತಿರಲಿಲ್ಲ.

ಗಿಡಗಳು ನಿಂತವು. ಕೆಲವು ಮಳೆಗಾಲ ಕಳೆದ ಮೇಲೆ ನನ್ನೆತ್ತರ ಬಂದವು, ಆಮೇಲೆ ದೋಣಿಯಿಂದ ನೋಡಿದರೆ ಪೊರ್ಬುಗಳ ಮನೆಯ ಹಂಚಿನ ಮಾಡು ಕಾಣದಷ್ಟಾದವು. ಬೇರುಗಳ ನಡುವೆ ಸೀಗಡಿ ಮರಿ, ಕಾಣೆ ಮೀನಿನ ಮರಿ ಸೇರಿಕೊಂಡವು. ದಂಡೆ ಕುಸಿಯುವುದು ನಿಂತಿತು. "ಈ ಸಲ ನೆರೆಗೆ ನಮ್ಮ ಜಾಗದ ಒಂದು ಹಿಡಿ ಮಣ್ಣು ಹೋಗಲಿಲ್ಲ ಅಕ್ಕ" ಎಂದು ಲಿಲ್ಲಿ ಬಾಯಿ ಹೇಳಿದ ದಿನ ನಾನು ಬಸ್ಸಿನಲ್ಲಿ ನಿಂತುಕೊಂಡು ಹೋದದ್ದೂ ಗೊತ್ತಾಗಲಿಲ್ಲ. ನನ್ನ ಕೆಲಸದಲ್ಲಿ ಸಂತೋಷದ ಕಾಲ ಅಂತ ಇದ್ದರೆ ಅದೇ.

ಮರ ಕಡಿಯುವವರು ಬರುತ್ತಾರೆಂದು ನಾವು ಕಾವಲಿದ್ದೆವು. ಬಂದವರು ಮರ ಮುಟ್ಟಲೇ ಇಲ್ಲ. ಮರಳಿಗೆ ಬಂದರು. ಮೊದಲು ಬುಟ್ಟಿ ಮುಳುಗಿಸಿ ತೆಗೆಯುವ ದೋಣಿಗಳು, ಆಮೇಲೆ ಯಂತ್ರಗಳು. ಹೊಳೆಯ ಮರಳು ನಮ್ಮ ಇಲಾಖೆಗೆ ಸೇರಿದ್ದಲ್ಲ. ದೂರು ಕೊಟ್ಟರೆ ಒಬ್ಬರು ಇನ್ನೊಬ್ಬರ ಕಡೆ ಕೈತೋರಿಸುತ್ತಿದ್ದರು. ಒಂದು ಬೆಳಗ್ಗೆ ಕಾಂಡ್ಲಾದ ಬೇರಿಗೇ ಹಗ್ಗ ಕಟ್ಟಿ ನಿಲ್ಲಿಸಿದ್ದ ಮರಳಿನ ದೋಣಿಯನ್ನು ನಾನು ಮತ್ತು ವಾಚರ್ ತಡೆದೆವು. ಅದರಲ್ಲಿ ಇದ್ದವನು ರೋನಿ.

"ನೀನು ಎಂತ ಮಾಡ್ತಿದ್ದಿ ಇಲ್ಲಿ?" ಎಂದೆ.

"ಕೆಲಸ ಅಕ್ಕ. ನಾನು ಬಿಟ್ರೆ ಇನ್ನೊಬ್ಬ ಬರ್ತಾನೆ. ಅಪ್ಪನ ಬಲೆಯಲ್ಲಿ ಎಷ್ಟು ಸಿಗ್ತದೆ ಅಂತ ನಿಮಗೆ ಗೊತ್ತುಂಟಲ್ಲ."

ಬೇರು ಸಿಗಿದಿತ್ತು, ಹಾಗಾಗಿ ಕೇಸು ಹಾಕಿದೆ. ದೋಣಿಯ ಯಜಮಾನ ಯಾರೆಂದು ಎಲ್ಲರಿಗೂ ಗೊತ್ತಿತ್ತು, ಅವನ ಹೆಸರು ಎಲ್ಲಿಯೂ ಬರಲಿಲ್ಲ. ಕೋರ್ಟಿಗೆ ಅಲೆದದ್ದು ರೋನಿ ಒಬ್ಬನೇ. ಆ ಮಳೆಗಾಲವಿಡೀ ಪೊರ್ಬುಗಳು ನನ್ನನ್ನು ದೋಣಿಯಲ್ಲಿ ದಾಟಿಸಿದರು, ಆದರೆ ಒಂದು ಮಾತೂ ಆಡಲಿಲ್ಲ. ಲಿಲ್ಲಿ ಬಾಯಿ ಮಾತ್ರ ಯಾವತ್ತಿನಂತೆ ಚಾ ಕೊಟ್ಟರು. ಮರಳು ತೆಗೆಯುವುದು ನಿಲ್ಲಲಿಲ್ಲ.

ಹೊಳೆಯ ತಳ ಆಳವಾದಷ್ಟೂ ಸಮುದ್ರದ ನೀರು ಮೇಲೆ ಮೇಲೆ ಬರತೊಡಗಿತು. ಕಾಂಡ್ಲಾಕ್ಕೆ ಅದು ಹೆಚ್ಚು ಕಷ್ಟವಲ್ಲ. ಮನುಷ್ಯರಿಗೆ ಕಷ್ಟ. ಒಂದು ಬೇಸಿಗೆಯಲ್ಲಿ ಲಿಲ್ಲಿ ಬಾಯಿ ಕೊಟ್ಟ ಚಾ ಬಾಯಿಗಿಟ್ಟರೆ ಉಪ್ಪು. ನಾನು ಪೂರ್ತಿ ಕುಡಿದೆ. ಅವರೇ ಹೇಳಿದರು: "ಗೊತ್ತಾಯ್ತಲ್ಲ ಅಕ್ಕ. ಬಾವಿ ಹಾಳಾಯ್ತು." ಬಸಳೆಯ ಚಪ್ಪರ ಒಣಗಿತ್ತು. ಅಷ್ಟರಲ್ಲಿ ರೋನಿಗೆ ಮದುವೆಯಾಗಿ ಸೊಸೆ ಬಂದಿದ್ದಳು; ಅವಳು ದಿನಾ ಆಚೆ ದಡದಿಂದ ಕೊಡದಲ್ಲಿ ನೀರು ತುಂಬಿಸಿ ದೋಣಿಯಲ್ಲಿ ತರುತ್ತಿದ್ದಳು. ಬಸುರಿ ಹೆಂಗಸು. ಕೊಡ ಎತ್ತುವಾಗ ಅವಳ ಮುಖ ನೋಡಲಿಕ್ಕೆ ಆಗುತ್ತಿರಲಿಲ್ಲ.

ಎರಡೂ ದಡದ ಊರುಗಳಲ್ಲಿ ಇದೇ ಗೋಳು. ಕುದ್ರುವಿನಿಂದ ಕೆಳಗೆ ಕಿಂಡಿ ಅಣೆಕಟ್ಟು ಕಟ್ಟಿ ಉಪ್ಪುನೀರು ತಡೆಯಬೇಕೆಂಬ ಬೇಡಿಕೆ ಬಂತು. ಬೇಸಿಗೆಯಿಡೀ ಗೇಟು ಹಾಕಿದರೆ ಮೇಲಿನ ಸಿಹಿನೀರು ಅಲ್ಲೇ ನಿಲ್ಲುತ್ತದೆ, ಬಾವಿಗಳು ಸರಿಯಾಗುತ್ತವೆ. ಅದು ಸುಳ್ಳಲ್ಲ. ಆದರೆ ಗೇಟಿನ ಒಳಗೆ ಉಬ್ಬರವೂ ಇಲ್ಲ, ಇಳಿತವೂ ಇಲ್ಲ. ಕಾಂಡ್ಲಾದ ಬೇರು ಇಳಿತದ ಹೊತ್ತಿನಲ್ಲಿ ಉಸಿರಾಡುತ್ತದೆ. ತಿಂಗಳುಗಟ್ಟಲೆ ನೀರೊಳಗೇ ಇಟ್ಟರೆ ಉಸಿರು ಕಟ್ಟಿ ಸಾಯುತ್ತದೆ. ಧರ್ಮಪಾಲ ಸಾಹೇಬರು ಇದನ್ನು ಬರೆದು ಮೇಲಕ್ಕೆ ಕಳಿಸಿದರು. ಅಣೆಕಟ್ಟು ಬೇಡವೆಂದಲ್ಲ, ಕುದ್ರು ದಾಟಿ ಹೊಳೆಯ ಮೇಲ್ಭಾಗದಲ್ಲಿ ಕಟ್ಟಿ, ಮರಳು ತೆಗೆಯುವುದನ್ನು ಮೊದಲು ನಿಲ್ಲಿಸಿ ಎಂದು. ಸ್ವಲ್ಪ ದಿನದಲ್ಲಿ ಅವರಿಗೆ ಬಯಲುಸೀಮೆಗೆ ವರ್ಗವಾಯಿತು. ಅದಕ್ಕೂ ಇದಕ್ಕೂ ಸಂಬಂಧ ಉಂಟೋ ಇಲ್ಲವೋ, ನನಗೆ ಗೊತ್ತಿಲ್ಲ. ಹೋಗುವಾಗ, "ಗೂಟಗಳನ್ನು ಕೀಳಬೇಡಿ, ನೋಡುತ್ತಾ ಇರಿ" ಎಂದರು.

ಊರವರ ಸಭೆ ಶಾಲೆಯ ಜಗಲಿಯಲ್ಲಿ ನಡೆಯಿತು. ಇಲಾಖೆಯ ಪರವಾಗಿ ನನ್ನನ್ನು ಕಳಿಸಿದ್ದರು. ಇಂಜಿನಿಯರು ಹೇಳುವುದನ್ನೆಲ್ಲ ಹೇಳಿದ ಮೇಲೆ ಲಿಲ್ಲಿ ಬಾಯಿ ಎದ್ದು ನಿಂತರು. ಸಭೆಯಲ್ಲಿ ಅವರು ಮಾತಾಡಿದ್ದನ್ನು ನಾನು ಅದುವರೆಗೆ ನೋಡಿರಲಿಲ್ಲ.

"ಕಾಂಡ್ಲಾ ನಾವೇ ನೆಟ್ಟದ್ದು. ನಾನು, ನನ್ನ ಗಂಡ, ಈ ಸುನಂದಕ್ಕ. ಅದು ಹೋಗ್ತದೆ ಅಂದ್ರೆ ನನಗೂ ಹೊಟ್ಟೆ ಉರಿಯುತ್ತದೆ. ಆದ್ರೆ ನನ್ನ ಸೊಸೆ ಬಸುರಿ. ಅವಳಿಗೆ ಉಪ್ಪುನೀರು ಕುಡಿಸ್ಲಿಕ್ಕೆ ಆಗ್ತದಾ?" ಎಂದು ಕೇಳಿದರು. ಆಮೇಲೆ ನನ್ನ ಕಡೆ ತಿರುಗಿ, "ಅಕ್ಕ, ನೀವೇ ಹೇಳಿ" ಎಂದರು.

ಬಾವಿಯ ಎದುರು ಮರದ ಪರ ವಾದ ಮಾಡುವ ಬಾಯಿ ನನಗಿಲ್ಲ. ಅಮಾವಾಸ್ಯೆ, ಹುಣ್ಣಿಮೆಯ ಹತ್ತಿರ ದೊಡ್ಡ ಇಳಿತ ಬರುವಾಗ ಸ್ವಲ್ಪ ಹೊತ್ತು ಗೇಟು ಎತ್ತಿ ಬೇರಿಗೆ ಗಾಳಿ ಸಿಗುವಂತೆ ಮಾಡಬಹುದಾ ಎಂದು ಕೇಳಿದೆ. "ಖಂಡಿತ ಮಾಡುವ ಮೇಡಂ, ಅದೇನು ದೊಡ್ಡ ವಿಷಯ" ಎಂದರು ಇಂಜಿನಿಯರು. ಒಳ್ಳೆಯ ಮನುಷ್ಯ. ಮಾಡುವ ಮನಸ್ಸೂ ಇತ್ತೆಂದು ಈಗಲೂ ನಂಬುತ್ತೇನೆ.

ಅಣೆಕಟ್ಟು ಆಯಿತು. ಗೇಟು ಹಾಕಿದ ಮೊದಲ ಬೇಸಿಗೆಯಲ್ಲಿ ಬಾವಿಗಳು ಸಿಹಿಯಾದವು. ಲಿಲ್ಲಿ ಬಾಯಿಯ ಮೊಮ್ಮಗಳಿಗೆ ಮನೆಯ ಬಾವಿಯ ನೀರಿನಲ್ಲೇ ಸ್ನಾನ. ನಾನು ಗೇಟು ನೋಡಿಕೊಳ್ಳುವ ಹಮೀದ್ ಹತ್ತಿರ ಮತ್ತೆ ಮತ್ತೆ ಹೋದೆ.

"ಅಕ್ಕ, ನನಗೆ ಮೇಲಿನಿಂದ ಫೋನ್ ಬರಬೇಕು. ಬಾರದೆ ಎತ್ತಿದ್ರೆ ನನ್ನ ಕೆಲಸ ಹೋಗ್ತದೆ. ನನಗೂ ಮಕ್ಕಳಿದ್ದಾರೆ ಮಾರಾಯ್ರೆ" ಎನ್ನುತ್ತಿದ್ದ.

ಇಂಜಿನಿಯರನ್ನು ಕಾಡಿ ಬೇಡಿ ಒಮ್ಮೆ ಫೋನ್ ಮಾಡಿಸಿದೆ. ಗೇಟು ಎತ್ತಿದರು. ನೀರು ಇಳಿಯುತ್ತಾ ಹೋಗಿ ಬೇರಿನ ತುದಿಗಳು ಒಂದೊಂದೇ ಹೊರಗೆ ಬಂದವು. ಕಪ್ಪಾಗಿದ್ದವು, ಆದರೆ ಜೀವ ಇತ್ತು. ನಾನು ಅಲ್ಲೇ ಕೆಸರಿನಲ್ಲಿ ಕೂತುಬಿಟ್ಟೆ. ಅಷ್ಟರಲ್ಲಿ ಆಚೆ ದಡದಿಂದ ಜನ ಕೂಗುತ್ತಾ ಓಡಿಬಂದರು. ಪಂಪುಗಳು ಗಾಳಿ ಎಳೆಯುತ್ತಿವೆ, ತೋಟಕ್ಕೆ ನೀರಿಲ್ಲ, ಪೇಟೆಯ ನಳ್ಳಿಗೆ ಹೋಗುವ ನೀರನ್ನು ಯಾರನ್ನು ಕೇಳಿ ಸಮುದ್ರಕ್ಕೆ ಬಿಟ್ಟಿರಿ ಎಂದು. ಹಮೀದ್ ಗೇಟು ಇಳಿಸಿದ. ಆಮೇಲೆ ಫೋನ್ ಬರಲಿಲ್ಲ.

ಎಲೆಗಳು ಮೊದಲು ಹಳದಿಯಾದವು. ಬೇರು ಕೊಳೆತು ಇಡೀ ಕುದ್ರುವಿಗೆ ವಾಸನೆ. ಮಳೆಗಾಲದಲ್ಲಿ ಗೇಟು ತೆಗೆದಾಗ ಸ್ವಲ್ಪ ಚಿಗುರಿದವು. ಅದನ್ನು ನೋಡಿ ಆಸೆಪಟ್ಟೆ, ಪಡಬಾರದಿತ್ತು. ಮುಂದಿನ ಬೇಸಿಗೆ ದಾಟಲಿಲ್ಲ. ನಾವು ನೆಟ್ಟದ್ದೂ, ನಮಗಿಂತ ಮೊದಲೇ ಇದ್ದದ್ದೂ, ಎಲ್ಲ ನಿಂತಲ್ಲೇ ಒಣಗಿದವು. ಧರ್ಮಪಾಲ ಸಾಹೇಬರು ಫೋನ್ ಮಾಡಿ ಕೇಳಿದರು. "ಸತ್ತವು ಸರ್" ಎಂದೆ. "ಮನೆಯಲ್ಲಿ ಎಲ್ಲರೂ ಕ್ಷೇಮವೇ?" ಎಂದರು. ಆಮೇಲೆ ಅವರು ಆ ವಿಷಯ ಎತ್ತಲೇ ಇಲ್ಲ.

ಒಣಗಿದ ಬೇರು ಮಣ್ಣು ಹಿಡಿಯುವುದಿಲ್ಲ. ಆ ವರ್ಷದ ನೆರೆಗೆ ಕುದ್ರುವಿನ ತುದಿ ಕುಸಿಯಿತು. ಮರುವರ್ಷದ ನೆರೆಗೆ ಕಡವು ಹೋಯಿತು, ಪೊರ್ಬುಗಳ ಅಡುಗೆಕೋಣೆಯ ಗೋಡೆ ಹೊಳೆಗೆ ಬಿತ್ತು. ಪೊರ್ಬುಗಳು ಮನೆ ಬಿಡಲು ಒಪ್ಪಲಿಲ್ಲ. ರೋನಿ ಅವರನ್ನು ಎತ್ತಿಕೊಂಡೇ ದೋಣಿಗೆ ಕೂರಿಸಿದ. ಬಂಟ್ವಾಳದ ಗುಡ್ಡದ ಮೇಲೆ ಬಾಡಿಗೆ ಮನೆಯಲ್ಲಿ ಅವರು ಹೆಚ್ಚು ಕಾಲ ಬದುಕಲಿಲ್ಲ. ಹೊಳೆ ಕಾಣದ ಕಡೆ ಕೂತು ಕೂತು ಮಾತು ನಿಲ್ಲಿಸಿದರು, ಆಮೇಲೆ ಊಟ ನಿಲ್ಲಿಸಿದರು.

ಅವರ ಮರಣದ ನಂತರ ನಾನು ಹೋದಾಗ ಲಿಲ್ಲಿ ಬಾಯಿ ಹಿಂದಿನ ಮೆಟ್ಟಲಿನಲ್ಲಿ ಕೂತಿದ್ದರು. ನನ್ನನ್ನು ಕೇಳಿದರು: "ಅಕ್ಕ, ನಾನು ಅವತ್ತು ಸಭೆಯಲ್ಲಿ ಹಾಗೆ ಹೇಳಬಾರದಿತ್ತಾ?"

"ನಿಮಗೆ ಕುಡಿಯಲಿಕ್ಕೆ ನೀರು ಬೇಕಿತ್ತು ಬಾಯಿ. ನೀವು ಹೇಳಿದ್ದರಲ್ಲಿ ತಪ್ಪಿಲ್ಲ."

"ಹಾಗಾದ್ರೆ ತಪ್ಪು ಯಾರದ್ದು?"

ಮರಳಿನ ಯಜಮಾನನ ಹೆಸರು ಬಾಯಿಯವರೆಗೆ ಬಂತು. ಆದರೆ ಆ ಮರಳಿನಲ್ಲಿ ಕಟ್ಟಿದ ಮನೆಗಳು ಬಂಟ್ವಾಳದಿಂದ ಮೂಡುಬಿದಿರೆಯವರೆಗೂ ಉಂಟು, ನಾನು ಬಾಡಿಗೆಗಿರುವ ಮನೆಯೂ ಅಂಥದ್ದೇ. 

ನಿವೃತ್ತಿಯ ದಿನ ಹಾರ ಹಾಕಿದರು. ಕಾಂಡ್ಲಾ ಬೆಳೆಸಿದವಳು ಎಂದು ಹೊಗಳಿ ಮಾತಾಡಿದರು. ಬೆಳೆಸಿದ್ದು ಈಗ ಎಲ್ಲಿದೆ ಎಂದು ಯಾರೂ ಕೇಳಲಿಲ್ಲ. ಕೇಳದಿದ್ದದ್ದೇ ಒಳ್ಳೆಯದಾಯಿತು.

ಕಳೆದ ಬೇಸಿಗೆಯಲ್ಲಿ ಅಶ್ವಿನಿ ಮನೆಗೆ ಬಂದಳು. ಬೆಳ್ತಂಗಡಿಯ ಕಡೆಯವಳು, ಈಗ ಆ ಭಾಗದ ಗಾರ್ಡು. "ಅಕ್ಕ, ಕಿನ್ನಿಕುದ್ರುವಿನಲ್ಲಿ ಮತ್ತೆ ಕಾಂಡ್ಲಾ ನೆಡ್ಲಿಕ್ಕೆ ಆದೇಶ ಬಂದಿದೆ. ವರ್ಷ ಮುಗಿಯುವುದರೊಳಗೆ ಆಗ್ಬೇಕಂತೆ. ಒಮ್ಮೆ ಬಂದು ತೋರಿಸ್ತೀರಾ?" ಎಂದಳು. ಮೊಣಕಾಲು ನೋವಿದ್ದರೂ ಹೋದೆ. ಗೇಟು ಹಾಕಿತ್ತು. ಬೇರೆ ಹೊಳೆಯ ಕಡೆಯಿಂದ ತರಿಸಿದ ಕಾಂಡ್ಲಾ ಕೋಲುಗಳು ದೋಣಿಯಲ್ಲಿ ಒದ್ದೆ ಗೋಣಿಯ ಕೆಳಗೆ ಇದ್ದವು. ನಾವು ಹಿಂದೆ ನೆಟ್ಟ ಜಾಗದಲ್ಲಿ ಒಣಗಿದ ಬೊಡ್ಡೆಗಳ ನಡುವೆ ನೀರು ಅಲುಗಾಡದೆ ನಿಂತಿತ್ತು. ನಾನು ಕೋಲಿನಿಂದ ಆಳ ನೋಡಿದೆ. ತೊಡೆಯವರೆಗೆ ಬರುವಷ್ಟು.

"ಬದುಕ್ತದಾ ಅಕ್ಕ?" ಎಂದು ಅವಳು ಕೇಳಿದಳು.

"ಇಲ್ಲ."

"ಹಾಗಂತ ಬರೆದು ಕೊಟ್ರೆ?"

"ಬರೆದು ಕೊಡು. ನಿನಗಿಂತ ಮೊದಲು ಬರೆದವರಿದ್ದರು." ಧರ್ಮಪಾಲ ಸಾಹೇಬರ ವಿಷಯ ಪೂರ್ತಿ ಹೇಳಿದೆ. ಅವಳು ಎಲ್ಲ ಕೇಳಿಸಿಕೊಂಡಳು. ಮದುವೆ ನಿಶ್ಚಯವಾದ ಹುಡುಗಿ, ಕೆಲಸ ಇನ್ನೂ ಖಾಯಂ ಆಗಿರಲಿಲ್ಲ. ಆಮೇಲೆ ಪ್ಯಾಂಟು ಮಡಚಿ ನೀರಿಗಿಳಿದು ಗೋಣಿ ಸರಿಸಿದಳು.

ಅವಳೊಬ್ಬಳನ್ನೇ ಬಿಡಲಿಕ್ಕೆ ನನ್ನಿಂದ ಆಗಲಿಲ್ಲ. ಸೀರೆ ಎತ್ತಿ ಕಟ್ಟಿ ಇಳಿದೆ. ಕೋಲಿನ ಯಾವ ತುದಿ ಕೆಳಗೆ ಬರಬೇಕು, ಎಷ್ಟು ಆಳಕ್ಕೆ ಚುಚ್ಚಬೇಕು, ಕೆಸರನ್ನು ಕಾಲಿನಿಂದ ಹೇಗೆ ಒತ್ತಬೇಕು, ಎಲ್ಲವನ್ನೂ ಸರಿಯಾಗಿ ಕಲಿಸಿದೆ. ಬೇಗ ಕಲಿತಳು. ಒಳ್ಳೆಯ ಕೈ. ಮಧ್ಯಾಹ್ನದ ಹೊತ್ತಿಗೆ ದೋಣಿ ಖಾಲಿಯಾಯಿತು. ಹಿಂದಿರುಗಿ ನೋಡಿದರೆ ನೀರಿನ ಮೇಲೆ ಒಂದೂ ಕಾಣುತ್ತಿರಲಿಲ್ಲ.

"ಮೇಲಿನವರಿಗೆ ಗಿಡ ಕಾಣುವ ಹಾಗೆ ಫೋಟೋ ಕಳಿಸ್ಬೇಕು ಅಕ್ಕ" ಎಂದಳು ಅಶ್ವಿನಿ, ಮುಖ ಬೇರೆ ಕಡೆ ಮಾಡಿ.

ನನ್ನ ಕೈಯಲ್ಲಿ ಕೊನೆಯದೊಂದು ಉಳಿದಿತ್ತು. ಅದನ್ನು ನೀರಿನ ಮೇಲೆ ಎತ್ತಿ ಹಿಡಿದೆ. ಅವಳು ಫೋಟೋ ತೆಗೆದಳು. ಆಮೇಲೆ ಬಗ್ಗಿ ಅದನ್ನೂ ನೆಟ್ಟೆ.